ಅರಗಿನ ಮನೆಯಲ್ಲಿ ಸತ್ತವರು

ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಓದಿದವರಿಗೆ ಶ್ರಾವಣಮಾಸದ ಸಾಯಂಕಾಲಗಳ ನೆನಪು ಮಾಸುವಂತಹುದಲ್ಲ. ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿಯೆಂಬ ಸಲುಗೆಯಿಂದ ನಾನು ಒಂದು ವಾರ ಅಲ್ಲಿ ಉಳಿದುಕೊಂಡಿದ್ದಾಗ, ಒಂದು ದಿನದ ಪ್ರವಚನದಲ್ಲಿ ಭಾರತದ ಅರಗಿನ ಮನೆಯ ಕಥಾಭಾಗ ಬಂದಿತು. ಪ್ರವಚನಕಾರರು ವಾಕ್ಪಟುಗಳು. ದುರ್ಯೋಧನನ ದುಷ್ಟಬುದ್ಧಿ, ಪುರೋಚನನ ಕಪಟ, ವಿದುರನ ಮುಂದಾಲೋಚನೆ, ಸುರಂಗ ತೋಡಿದವನ ಚಾತುರ್ಯ, ತಾಯಿಯನ್ನೂ ಸೋದರರನ್ನೂ ಹೊತ್ತು ನಡೆದ ಭೀಮನ ಬಲ, ಇವುಗಳಲ್ಲಿ ಒಂದೊಂದನ್ನೂ ಕಣ್ಣಿಗೆ ಕಟ್ಟುವಂತೆ ವರ್ಣಿಸಿದರು. ಬೆಳಗಾದ ಮೇಲೆ ಬೂದಿಯಲ್ಲಿ ಆರು ಹೆಣಗಳು ದೊರೆತುವೆಂದೂ, ಅವು ಆ ರಾತ್ರಿ ಅಲ್ಲಿ ಉಂಡು ಮಲಗಿದ್ದ ಒಬ್ಬ ನಿಷಾದಿಯದೂ ಆಕೆಯ ಐವರು ಮಕ್ಕಳದೂ ಆಗಿದ್ದುವೆಂದೂ, ಪಾಂಡವರೇ ಸತ್ತರೆಂದು ಜನರು ನಂಬಿದರೆಂದೂ ಒಂದೇ ಉಸಿರಿನಲ್ಲಿ ಹೇಳಿ ಹಿಡಿಂಬವನದ ಕಡೆಗೆ ಸಾಗಿದರು. ಆಗ ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದುನಿಂತು, “ಗುರುಗಳೇ, ಆ ಐದು ಮಂದಿಯ ಹೆಸರೇನು?” ಎಂದು ಕೇಳಿದ. ಸಭೆ ನಕ್ಕಿತು. ಪ್ರವಚನಕಾರರೂ ನಕ್ಕು, “ಅವರ ಹೆಸರು ಭಾರತದಲ್ಲಿ ಬಂದಿಲ್ಲ ಮಗು, ಕುಳಿತುಕೋ” ಎಂದರು.

ಊರಿಗೆ ಮರಳಿದ ಮೇಲೆ ಮೂಲಭಾರತದ ಆದಿಪರ್ವವನ್ನು ತೆಗೆದು ನೋಡಿದೆ. ಹುಡುಗನ ಪ್ರಶ್ನೆ ನಗುವಂತಹುದಾಗಿರಲಿಲ್ಲ. ಆಯುಧಶಾಲೆಗೆ ಬೆಂಕಿಯಿಕ್ಕಿ, ಪುರೋಚನನನ್ನು ಸುಟ್ಟು, ತಮ್ಮ ಲೆಕ್ಕಕ್ಕೆ ಸರಿಹೊಂದುವಂತೆ ಆರು ಜೀವಗಳನ್ನು ಅಲ್ಲಿ ಬಿಟ್ಟು ಮರೆಯಾಗಬೇಕೆಂಬ ಆಲೋಚನೆ ಬೇರೆ ಯಾರದೂ ಅಲ್ಲ, ಧರ್ಮರಾಯನದು. ಅದಾದ ಮೇಲೆ ಕುಂತಿ ಅನ್ನದಾನ ಮಾಡುತ್ತಾಳೆ. ನಿಷಾದಿ ಮಕ್ಕಳೊಡನೆ ಊಟಕ್ಕೆ ಬರುತ್ತಾಳೆ, ಕುಡಿದು ಮೈಮರೆತು ಮಲಗುತ್ತಾಳೆ. ಆಕೆ ಬಂದುದು ಕಾಲದ ಪ್ರೇರಣೆಯಿಂದ ಎಂದು ಕವಿ ಹೇಳುತ್ತಾನೆ. ಆರು ಹೆಣಗಳು ಬೇಕೆಂದು ಮೊದಲೇ ಗೊತ್ತಾಗಿದ್ದ ಮನೆಗೆ ಆರು ಮಂದಿಯನ್ನೇ ಎಣಿಸಿ ಕಳುಹಿಸಿದ ಕಾಲವು ಬಹಳ ಅನುಕೂಲವಾದ ಕಾಲವೆಂದೇ ಹೇಳಬೇಕು. ಹಸ್ತಿನಾವತಿಯಲ್ಲಿ ಧೃತರಾಷ್ಟ್ರ ಶೋಕಾಚರಣೆ ನಡೆಸಿ ತರ್ಪಣ ಬಿಡಿಸಿದ. ಸತ್ತವರಿಗೆ ದೊರೆತ ನೀರು ಕೂಡ ಬೇರೆಯವರ ಹೆಸರಿನಲ್ಲಿ ದೊರೆಯಿತು.

ದುರ್ಯೋಧನನು ಮಾಡಹೊರಟುದನ್ನು ನಾವು ಘೋರ ಪಾತಕವೆನ್ನುತ್ತೇವೆ. ಅದು ಸರಿಯೇ. ಆದರೆ ಅವನ ಬೆಂಕಿಯಲ್ಲಿ ಯಾರೂ ಸಾಯಲಿಲ್ಲ. ಸತ್ತವರು ಸತ್ತುದು ಭೀಮನು ಇಟ್ಟ ಬೆಂಕಿಯಲ್ಲಿ. ಅದಕ್ಕೆ ನಾವು ಕೊಟ್ಟ ಹೆಸರು ಚಾತುರ್ಯ. ಹಾಗಾದರೆ ಕೃತ್ಯಕ್ಕೆ ಹೆಸರು ಕೃತ್ಯದಿಂದ ಬರುವುದೋ, ಮಾಡಿದವನ ಕುಲಗೋತ್ರಗಳಿಂದ ಬರುವುದೋ? ನಮ್ಮ ಕಾಲದಲ್ಲಿ ಭಯೋತ್ಪಾದನೆ ಎಂಬ ಶಬ್ದ ದಿನಪತ್ರಿಕೆಯಲ್ಲಿ ಕಾಣದ ದಿನವಿಲ್ಲ. ಆ ಶಬ್ದವನ್ನು ನಾವು ಯಾವ ಸೇರಿನಿಂದ ಅಳೆದು ಕೊಡುತ್ತಿದ್ದೇವೆ ಎಂಬುದನ್ನು ವಿಚಾರಮಾಡುವುದಕ್ಕಾಗಿ ಈ ಲೇಖನ.

ಮೊದಲು ನಮ್ಮ ದೇಶದ ವಿಮಾನವೊಂದರ ಸಂಗತಿಯನ್ನೇ ನೋಡೋಣ. 1955ರ ಏಪ್ರಿಲ್ ತಿಂಗಳಲ್ಲಿ ಇಂಡೋನೇಷ್ಯದ ಬಾಂಡುಂಗ್ ನಗರದಲ್ಲಿ ಏಷ್ಯಾ ಮತ್ತು ಆಫ್ರಿಕಾ ಖಂಡಗಳ ರಾಷ್ಟ್ರಗಳ ಸಮ್ಮೇಳನ ಸೇರುವುದಿದ್ದಿತು. ಚೀನದ ನಿಯೋಗಕ್ಕಾಗಿ ಏರ್ ಇಂಡಿಯಾ ಸಂಸ್ಥೆಯ ‘ಕಾಶ್ಮೀರ್ ಪ್ರಿನ್ಸೆಸ್’ ಎಂಬ ವಿಮಾನವನ್ನು ಬಾಡಿಗೆಗೆ ಗೊತ್ತುಮಾಡಿದ್ದರು. ಪ್ರಧಾನಿ ಚೌ ಎನ್-ಲೈ ಅದರಲ್ಲಿ ಪ್ರಯಾಣ ಮಾಡುವರೆಂದು ಎಣಿಕೆ. ಏಪ್ರಿಲ್ 11ರಂದು ಹಾಂಗ್‌ಕಾಂಗಿನ ಕೈ ಟಾಕ್ ನಿಲ್ದಾಣದಲ್ಲಿ ಇಂಧನ ತುಂಬಿಸಿಕೊಂಡು ವಿಮಾನ ಜಕಾರ್ತದ ಕಡೆಗೆ ಹೊರಟಿತು. ಸುಮಾರು ಐದು ಗಂಟೆಗಳ ಹಾರಾಟದ ಅನಂತರ ಬಲಭಾಗದ ಚಕ್ರದ ಗೂಡಿನಲ್ಲಿ ಸ್ಫೋಟವಾಯಿತು. ರೆಕ್ಕೆಗೆ ಬೆಂಕಿ ಹತ್ತಿತು. ಹೊಗೆ ತುಂಬಿದ ವಿಮಾನವನ್ನು ಕ್ಯಾಪ್ಟನ್ ಜಟಾರ್ ನಟೂನ ದ್ವೀಪಗಳ ಬಳಿ ಕಡಲಿಗೆ ಇಳಿಸಲು ಯತ್ನಿಸಿದರು. ಗಗನಸಖಿ ಗ್ಲೋರಿಯಾ ಬೆರಿ ಪ್ರಯಾಣಿಕರಿಗೆ ಜೀವರಕ್ಷಕ ಅಂಗಿಗಳನ್ನು ಹಂಚುತ್ತಿದ್ದರು. ವಿಮಾನದಲ್ಲಿದ್ದ 19 ಮಂದಿಯಲ್ಲಿ 16 ಮಂದಿ ಸತ್ತರು. ಬದುಕಿದ ಮೂವರೂ ಭಾರತೀಯ ಸಿಬ್ಬಂದಿಯವರು; ಸಹಚಾಲಕ ದೀಕ್ಷಿತ್, ಯಂತ್ರಪಾಲಕ ಕಾರ್ಣಿಕ್ ಮತ್ತು ಮಾರ್ಗದರ್ಶಕ ಪಾಠಕ್. ಸತ್ತವರಲ್ಲಿ ಚೀನೀ ಅಧಿಕಾರಿಗಳೂ ಪತ್ರಕರ್ತರೂ ಇದ್ದರು. ಪೋಲೆಂಡಿನವನೊಬ್ಬ, ಆಸ್ಟ್ರಿಯದವನೊಬ್ಬ ಪತ್ರಕರ್ತರೂ ಅವರಲ್ಲಿ ಸೇರಿದ್ದರು. ಚೌ ಎನ್-ಲೈ ಇರಲಿಲ್ಲ. ಅವರು ಬೇರೆ ಮಾರ್ಗವಾಗಿ ರಂಗೂನಿಗೆ ಹೋಗಿ ಅಲ್ಲಿಂದ ಸಮ್ಮೇಳನಕ್ಕೆ ಸುರಕ್ಷಿತವಾಗಿ ತಲುಪಿದರು.

ಕಡಲಿನಿಂದ ಎತ್ತಿದ ಅವಶೇಷಗಳಲ್ಲಿ ಗಡಿಯಾರದ ಯಂತ್ರಭಾಗಗಳು ದೊರೆತುವು. ಕಾಲನಿಯಂತ್ರಿತ ಬಾಂಬೇ ಕಾರಣವೆಂದು ಇಂಡೋನೇಷ್ಯ ಸರ್ಕಾರದ ವಿಚಾರಣಾ ಮಂಡಲಿ ಸಾರಿತು. ಹಾಂಗ್‌ಕಾಂಗಿನ ಪೊಲೀಸರ ತನಿಖೆಯಲ್ಲಿ, ವಿಮಾನಗಳನ್ನು ಶುಚಿಮಾಡುವ ಕೆಲಸದಲ್ಲಿದ್ದ ಒಬ್ಬಾತನ ಮೇಲೆ ಬೆರಳು ಬಿದ್ದಿತು. ಅವನ ಕೈಯಿಂದ ಈ ಕೆಲಸ ಮಾಡಿಸಿದುದು ತೈವಾನಿನಲ್ಲಿದ್ದ ಚಿಯಾಂಗ್ ಕೈ-ಷೇಕ್ ಸರ್ಕಾರದ ಗುಪ್ತಚರ ಶಾಖೆ. ಆರು ಲಕ್ಷ ಹಾಂಗ್‌ಕಾಂಗ್ ಡಾಲರುಗಳ ಆಮಿಷ ತೋರಿಸಲಾಗಿದ್ದಿತು. ಪೊಲೀಸರು ಹಿಡಿಯುವಷ್ಟರಲ್ಲಿ ಅವನು ವಿಮಾನವೇರಿ ತೈವಾನ್ ಸೇರಿಕೊಂಡಿದ್ದ. ಕೊಲೆಸಂಚಿನ ವಾರಂಟು ಹೊರಟರೂ ತೈವಾನ್ ಅವನನ್ನು ಒಪ್ಪಿಸಲಿಲ್ಲ. ಈ ತನಿಖೆಗೆ ಭಾರತದ ಕಡೆಯಿಂದ ಹೋಗಿದ್ದ ತರುಣ ಅಧಿಕಾರಿ ಆರ್. ಎನ್. ಕಾವ್ ಅವರೇ ಮುಂದೆ 1968ರಲ್ಲಿ ನಮ್ಮ ವಿದೇಶೀ ಗುಪ್ತಚರ ಸಂಸ್ಥೆಯ ಮೊದಲ ಮುಖ್ಯಸ್ಥರಾದರು.

ಇಲ್ಲಿ ವಾಚಕರು ಒಂದು ಕ್ಷಣ ನಿಲ್ಲಬೇಕು. ಬಾಂಬಿಟ್ಟವನಿಗೆ ಆಶ್ರಯ ಕೊಟ್ಟ ಆ ಸರ್ಕಾರವೇ ವಿಶ್ವಸಂಸ್ಥೆಯ ಭದ್ರತಾ ಸಮಿತಿಯಲ್ಲಿ ಚೀನದ ಹೆಸರಿನ ಕಾಯಂ ಪೀಠದ ಮೇಲೆ 1971ರವರೆಗೂ ಕುಳಿತಿದ್ದಿತು. ಜಗತ್ತಿನ ಶಾಂತಿಯನ್ನು ಕಾಯುವ ಹೊಣೆಯುಳ್ಳ ಪೀಠವದು! ಆ ಹದಿನಾರು ವರ್ಷಗಳಲ್ಲಿ ಯಾವ ಮಹಾರಾಷ್ಟ್ರವೂ ಅದನ್ನು ಭಯೋತ್ಪಾದಕ ಸರ್ಕಾರವೆಂದು ಕರೆದುದಿಲ್ಲ.

ಮೂವತ್ತು ವರ್ಷಗಳ ಅನಂತರ ಏರ್ ಇಂಡಿಯಾದ ಇನ್ನೊಂದು ವಿಮಾನ ಕಡಲಿಗೆ ಬಿದ್ದಿತು. 1985ರ ಜೂನ್ 23ರಂದು ಕೆನಡದಿಂದ ಹೊರಟ ‘ಕನಿಷ್ಕ’ ಐರ್ಲೆಂಡಿನ ತೀರದಾಚೆ ಸಿಡಿದು 329 ಮಂದಿ ಸತ್ತರು. ಅದಕ್ಕೂ ಕಾರಣ ವಿದೇಶದ ನಿಲ್ದಾಣದಲ್ಲಿ ಸೇರಿಸಿದ ಬಾಂಬು, ಅದರಲ್ಲಿಯೂ ಸತ್ತವರು ಏನನ್ನೂ ಅರಿಯದ ಪ್ರಯಾಣಿಕರು, ಆ ಅಪರಾಧಕ್ಕೂ ತಕ್ಕಷ್ಟು ಶಿಕ್ಷೆಯಾಗಲಿಲ್ಲ. ಕನಿಷ್ಕದ ಸ್ಫೋಟವನ್ನು ಜಗತ್ತೆಲ್ಲ ಭಯೋತ್ಪಾದನೆ ಎಂದು ಕರೆಯಿತು. ಬೇರೆ ಹೆಸರು ಅದಕ್ಕಿರಲು ಸಾಧ್ಯವಿಲ್ಲ. ಕಾಶ್ಮೀರ್ ಪ್ರಿನ್ಸೆಸ್ ಮಾತ್ರ ಗ್ರಂಥಗಳಲ್ಲಿ ಶೀತಲ ಸಮರದ ಕಾಲದ ಒಂದು ಗುಪ್ತಚರ ಪ್ರಕರಣವಾಗಿ ಉಳಿದುಕೊಂಡಿದೆ. ಎರಡಕ್ಕೂ ಇರುವ ವ್ಯತ್ಯಾಸ ಸತ್ತವರ ಸಂಖ್ಯೆಯಲ್ಲಿ ಇದೆಯೆಂದು ಯಾರಾದರೂ ಹೇಳಬಹುದು. ನನಗೆ ಹಾಗೆ ತೋರುವುದಿಲ್ಲ. ಒಂದರ ಹಿಂದೆ ಧ್ವಜವೂ ರಾಯಭಾರ ಕಚೇರಿಯೂ ಇದ್ದ ಪ್ರಭುತ್ವವಿದ್ದಿತು, ಇನ್ನೊಂದರ ಹಿಂದೆ ಅವು ಇರಲಿಲ್ಲ, ವ್ಯತ್ಯಾಸವಿರುವುದು ಅಲ್ಲಿ.

ಚೌ ಎನ್-ಲೈ ಅವರಿಗೆ ಅಪಾಯದ ಸುಳಿವು ಮೊದಲೇ ಎಷ್ಟರಮಟ್ಟಿಗೆ ದೊರೆತಿದ್ದಿತು ಎಂಬುದರಲ್ಲಿ ಇತಿಹಾಸಕಾರರಿಗೆ ಭಿನ್ನಾಭಿಪ್ರಾಯವಿದೆ. ಚೀನ ಸರ್ಕಾರವು ಹಿಂದಿನ ದಿನವೇ ಬೀಜಿಂಗಿನ ಬ್ರಿಟಿಷ್ ಪ್ರತಿನಿಧಿಗೆ ಎಚ್ಚರಿಕೆ ಕೊಟ್ಟಿದ್ದಂತೂ ನಿಜ. ಎಚ್ಚರಿಕೆ ಕೊಟ್ಟ ಮೇಲೂ ನಿಯೋಗದ ಕಿರಿಯರನ್ನು ಅದೇ ವಿಮಾನದಲ್ಲಿ ಏರಿಸಿ ಕಳುಹಿಸಿದರು. ಅರಗಿನ ಮನೆಯ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದವರಿಗೆ ನಾನು ಹೆಚ್ಚು ಹೇಳಬೇಕಾದುದಿಲ್ಲ.

ಗುಪ್ತಹತ್ಯೆಯ ವಿಷಯದಲ್ಲಿ ಪ್ರಭುತ್ವವೊಂದು ತನ್ನ ಕಡತಗಳನ್ನು ತಾನೇ ತೆರೆದು ಲೋಕಕ್ಕೆ ತೋರಿಸಿದ ಪ್ರಸಂಗಗಳು ವಿರಳ. ಅಂತಹುದೊಂದು ಅಮೆರಿಕದಲ್ಲಿ ನಡೆಯಿತು. ಅದಕ್ಕಾಗಿ ಆ ದೇಶಕ್ಕೆ ಸಲ್ಲಬೇಕಾದ ಗೌರವ ಸಲ್ಲಬೇಕು. 1975ರಲ್ಲಿ ಸೆನೆಟರ್ ಫ್ರಾಂಕ್ ಚರ್ಚ್ ಅವರ ಅಧ್ಯಕ್ಷತೆಯ ಸಮಿತಿ ಐವರು ವಿದೇಶೀ ಮುಖಂಡರ ವಿಷಯದಲ್ಲಿ ವಿಚಾರಣೆ ನಡೆಸಿತು: ಕಾಂಗೋದ ಲುಮುಂಬಾ, ಕ್ಯೂಬಾದ ಕಾಸ್ಟ್ರೊ, ಡೊಮಿನಿಕನ್ ಗಣರಾಜ್ಯದ ಟ್ರುಹಿಯೊ, ದಕ್ಷಿಣ ವಿಯೆಟ್ನಾಮಿನ ಡಿಯೆಮ್, ಚಿಲಿಯ ಸೇನಾಪತಿ ಷ್ನೈಡರ್. ಕಾಸ್ಟ್ರೊ ಒಬ್ಬರ ಮೇಲೆಯೇ 1960ರಿಂದ 1965ರವರೆಗೆ ಕಡಿಮೆಯೆಂದರೆ ಎಂಟು ಸಂಚುಗಳು ನಡೆದುದು ಅದರಿಂದ ಹೊರಬಿದ್ದಿತು. ವಿಷ ಸವರಿದ ಚುಟ್ಟಾ, ರೋಗಾಣು ಲೇಪಿಸಿದ ಮುಳುಗುವ ಉಡುಪು, ದರೋಡೆಕೋರರ ಕೂಟದ ಮುಖಂಡರೊಡನೆ ಒಪ್ಪಂದ - ಕೇಳಿದರೆ ಅಗ್ಗದ ಪತ್ತೇದಾರಿ ಕಾದಂಬರಿಯೆನಿಸುತ್ತದೆ. ಆ ವರದಿಯಲ್ಲಿಯ ಒಂದು ಸಂಗತಿಯನ್ನು ನಾನು ಮರೆಯಲಾರೆ. ಪ್ಯಾರಿಸ್ ನಗರದಲ್ಲಿ ಗುಪ್ತಚರ ಅಧಿಕಾರಿಯೊಬ್ಬ ಕ್ಯೂಬಾದವನೊಬ್ಬನಿಗೆ ವಿಷದ ಸೂಜಿಯಿದ್ದ ಲೇಖನಿಯನ್ನು ಕಾಸ್ಟ್ರೊ ಕೊಲೆಗಾಗಿ ಕೊಡುತ್ತಿದ್ದ ದಿನ 1963ರ ನವೆಂಬರ್ 22. ಅದೇ ದಿನ ಡಲ್ಲಾಸಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರು ಗುಂಡೇಟಿಗೆ ಬಲಿಯಾದರು. ಒಂದು ಕೊಲೆಗಾಗಿ ಇಡೀ ಜಗತ್ತು ಅತ್ತಿತು, ನಮ್ಮ ಊರಿನ ಶಾಲೆಗೂ ಅಂದು ರಜೆ ಕೊಟ್ಟಿದ್ದರು. ಇನ್ನೊಂದು ಕೊಲೆಯ ಸಾಮಗ್ರಿ ಅದೇ ಹೊತ್ತಿನಲ್ಲಿ ಅದೇ ಸರ್ಕಾರದ ಖರ್ಚಿನಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದಿತು.

ಲುಮುಂಬಾ ಅವರಿಗಾಗಿ ಸಿದ್ಧವಾದ ವಿಷ 1960ರ ಸೆಪ್ಟೆಂಬರಿನಲ್ಲಿಯೇ ಕಾಂಗೋದ ರಾಜಧಾನಿಯನ್ನು ತಲುಪಿತಾದರೂ ಬಳಕೆಯಾಗಲಿಲ್ಲ. 1961ರ ಜನವರಿ 17ರಂದು ಕಟಾಂಗದಲ್ಲಿ ಬೆಲ್ಜಿಯಂ ಅಧಿಕಾರಿಗಳ ಸಮ್ಮುಖದಲ್ಲಿ ಅವರನ್ನು ಗುಂಡಿಕ್ಕಿ ಕೊಂದು, ದೇಹವನ್ನು ಆಮ್ಲದಲ್ಲಿ ಕರಗಿಸಿದರು. ಬೆಲ್ಜಿಯಂ ಸಂಸತ್ತಿನ ವಿಚಾರಣಾ ಸಮಿತಿ ತಮ್ಮ ದೇಶಕ್ಕೆ ನೈತಿಕ ಹೊಣೆಯಿದೆಯೆಂದು ಒಪ್ಪಿಕೊಂಡುದು 2001ರಲ್ಲಿ. ಉಳಿದಿದ್ದ ಒಂದು ಚಿನ್ನದ ಕವಚದ ಹಲ್ಲನ್ನು ಮಕ್ಕಳಿಗೆ ಒಪ್ಪಿಸಿದುದು 2022ರ ಜೂನಿನಲ್ಲಿ. ಒಂದು ದೇಶದ ಪ್ರಧಾನಮಂತ್ರಿಯಾಗಿದ್ದವರ ಶವಸಂಸ್ಕಾರಕ್ಕೆ ಅರವತ್ತೊಂದು ವರ್ಷಗಳ ಅನಂತರ ಒಂದು ಹಲ್ಲು!

ಈ ಕಡತಗಳಲ್ಲಿ ನನ್ನನ್ನು ಹೆಚ್ಚು ಬೆಚ್ಚಿಸಿದುದು ವಿಷವಲ್ಲ, ಭಾಷೆ. ಕೊಲೆ ಎಂಬ ಮಾತು ಅವುಗಳಲ್ಲಿ ಬಹು ವಿರಳ. ವಿಷಪ್ರಯೋಗದ ಪ್ರಸ್ತಾವಗಳನ್ನು ಪರಿಶೀಲಿಸುತ್ತಿದ್ದ ಒಂದು ಒಳಸಮಿತಿಗೆ ‘ಆರೋಗ್ಯ ಬದಲಾವಣಾ ಸಮಿತಿ’ ಎಂಬ ಅರ್ಥದ ಹೆಸರಿದ್ದಿತು. ಮುಂದೆ ನಿಕಾರಾಗುವದ ಬಂಡಾಯಗಾರರಿಗಾಗಿ ಅದೇ ಸಂಸ್ಥೆ ಬರೆಯಿಸಿದ ಕೈಪಿಡಿಯಲ್ಲಿ ನ್ಯಾಯಾಧೀಶರನ್ನೂ ಅಧಿಕಾರಿಗಳನ್ನೂ ‘ನಿಷ್ಕ್ರಿಯಗೊಳಿಸುವ’ ಮಾತು ಬರುತ್ತದೆ. ಎಲ್ಲಕ್ಕೂ ಮೇಲೆ ಒಂದು ಸಿದ್ಧಾಂತ: ಕೆಲಸವನ್ನು ಹೇಗೆ ಮಾಡಬೇಕೆಂದರೆ, ಹೊರಬಿದ್ದರೂ ಮೇಲಿನವರು ತಮಗೇನೂ ತಿಳಿಯದೆಂದು ನಂಬುವಂತೆ ಹೇಳಲು ಅನುಕೂಲವಿರಬೇಕು. ಆದುದರಿಂದ ಅಧ್ಯಕ್ಷರ ಮುಂದೆ ಯಾರೂ ಸ್ಪಷ್ಟವಾಗಿ ಕೇಳುವುದಿಲ್ಲ, ಅವರೂ ಸ್ಪಷ್ಟವಾಗಿ ಹೇಳುವುದಿಲ್ಲ. ತಲೆಯಲ್ಲಾಡಿಸಿದುದನ್ನು ಅಪ್ಪಣೆಯೆಂದು ತಿಳಿಯಬೇಕು. ಚರ್ಚ್ ಸಮಿತಿಗೆ ಕೊನೆಗೂ ಅಪ್ಪಣೆ ಕೊಟ್ಟವರು ಇವರೇ ಎಂದು ಖಚಿತವಾಗಿ ಹೇಳಲಾಗಲಿಲ್ಲ. ಕಾಲಪ್ರೇರಣೆಯಿಂದ ನಿಷಾದಿ ಬಂದಳೆಂಬ ವಾಕ್ಯದ ಜಾತಿಯೇ ಇದೂ.

1976ರಲ್ಲಿ ಅಧ್ಯಕ್ಷ ಫೋರ್ಡ್ ರಾಜಕೀಯ ಹತ್ಯೆಯನ್ನು ನಿಷೇಧಿಸಿ ಆಜ್ಞೆ ಹೊರಡಿಸಿದರು. 1981ರಲ್ಲಿ ರೇಗನ್ ಅದನ್ನು ನವೀಕರಿಸಿದರು. ಆ ಮೇಲೆ ಬಂದ ಕಾಲದಲ್ಲಿ ‘ಹತ್ಯೆ’ ಹೋಗಿ ‘ಗುರಿ ನಿಶ್ಚಿತ ಕಾರ್ಯಾಚರಣೆ’ ಬಂದಿತು. ಶಬ್ದ ಬದಲಾದ ಮೇಲೆ ಆಜ್ಞೆಯನ್ನು ಮುರಿದಂತಾಗುವುದಿಲ್ಲವಂತೆ.

ಇನ್ನು ಫ್ರಾನ್ಸಿನ ಮಾತು. ಕನಿಷ್ಕ ದುರಂತವಾಗಿ ಹದಿನೇಳು ದಿನಗಳಿಗೆ, ಅಂದರೆ 1985ರ ಜುಲೈ 10ರ ರಾತ್ರಿ, ನ್ಯೂಜಿಲೆಂಡಿನ ಆಕ್ಲೆಂಡ್ ಬಂದರಿನಲ್ಲಿ ‘ರೇನ್‌ಬೋ ವಾರಿಯರ್’ ಎಂಬ ಹಡಗು ಎರಡು ಸ್ಫೋಟಗಳಿಂದ ಮುಳುಗಿತು. ಪೆಸಿಫಿಕ್ ಸಾಗರದ ಮುರುರೋವದಲ್ಲಿ ಫ್ರಾನ್ಸ್ ನಡೆಸುತ್ತಿದ್ದ ಅಣುಪರೀಕ್ಷೆಗಳನ್ನು ಪ್ರತಿಭಟಿಸಲು ಹೊರಟಿದ್ದ ಗ್ರೀನ್‌ಪೀಸ್ ಸಂಸ್ಥೆಯ ಹಡಗು ಅದು. ಮೊದಲ ಸ್ಫೋಟದ ಅನಂತರ ಕ್ಯಾಮೆರಾಗಳನ್ನು ತರಲು ಕೆಳಗಿಳಿದ ಛಾಯಾಗ್ರಾಹಕ ಫರ್ನಾಂಡೊ ಪೆರೇರ, ವಯಸ್ಸು 35, ಮೇಲೆ ಬರಲಿಲ್ಲ. ಹೊಸದಾಗಿ ಮದುವೆಯಾದ ಸ್ವಿಸ್ ದಂಪತಿಗಳೆಂಬ ಹುಸಿ ಹೆಸರಿನಲ್ಲಿ ಬಂದಿದ್ದ ಗಂಡಸೂ ಹೆಂಗಸೂ ಪೊಲೀಸರ ಕೈಗೆ ಸಿಕ್ಕರು. ಇಬ್ಬರೂ ಫ್ರೆಂಚ್ ಗುಪ್ತಚರ ಸೇನಾಧಿಕಾರಿಗಳಾದ ಮಾಫಾರ್ ಮತ್ತು ಪ್ರಿಯರ್. ಫ್ರಾನ್ಸ್ ಮೊದಲು ತನಗೇನೂ ತಿಳಿಯದೆಂದಿತು, ಆಮೇಲೆ ತಾನೇ ನೇಮಿಸಿದ ತನಿಖಾಧಿಕಾರಿಯಿಂದ ನಿರ್ದೋಷಿಯೆನಿಸಿಕೊಂಡಿತು. ಪತ್ರಿಕೆಗಳು ಬಿಡದಿದ್ದಾಗ ಸೆಪ್ಟೆಂಬರಿನಲ್ಲಿ ರಕ್ಷಣಾ ಸಚಿವರು ರಾಜೀನಾಮೆ ಕೊಟ್ಟು, ಪ್ರಧಾನಿ ಫಾಬಿಯೂಸ್ ಸತ್ಯವನ್ನು ಒಪ್ಪಿಕೊಂಡರು.

ನ್ಯಾಯಾಲಯವು ಆ ಇಬ್ಬರಿಗೆ ಹತ್ತು ವರ್ಷಗಳ ಸಜೆ ವಿಧಿಸಿತು. ಆದರೆ ನ್ಯೂಜಿಲೆಂಡಿನ ಬೆಣ್ಣೆಯೂ ಕುರಿಮಾಂಸವೂ ಯೂರೋಪಿನ ಮಾರುಕಟ್ಟೆಗೆ ಹೋಗಬೇಕು. ಆ ಮಾರುಕಟ್ಟೆಯ ಬಾಗಿಲಲ್ಲಿ ಫ್ರಾನ್ಸ್ ಕುಳಿತಿದ್ದಿತು. 1986ರ ಜುಲೈನಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯ ಮಧ್ಯಸ್ಥಿಕೆಯಿಂದ ತೀರ್ಮಾನವಾಯಿತು: ಫ್ರಾನ್ಸ್ ಕ್ಷಮೆ ಕೇಳಿ 70 ಲಕ್ಷ ಡಾಲರ್ ಪರಿಹಾರ ಕೊಡಬೇಕು, ಅಪರಾಧಿಗಳು ಹಾವ್ ಎಂಬ ಹವಳದ ದ್ವೀಪದಲ್ಲಿ ಮೂರು ವರ್ಷವಿರಬೇಕು. ಒಬ್ಬನು ಹೊಟ್ಟೆನೋವೆಂದು 1987ರ ಡಿಸೆಂಬರಿನಲ್ಲಿ, ಇನ್ನೊಬ್ಬಳು ಗರ್ಭಿಣಿಯೆಂದು 1988ರ ಮೇ ತಿಂಗಳಲ್ಲಿ ಫ್ರಾನ್ಸಿಗೆ ಮರಳಿದರು. ಮುಂದೆ ಬಡ್ತಿಯೂ ದೊರೆಯಿತು. ಹಡಗಿಗೆ ಬಾಂಬಿಟ್ಟು ಮನುಷ್ಯನನ್ನು ಕೊಂದವರು ಯಾವುದೋ ಬಂಡುಕೋರ ಗುಂಪಿಗೆ ಸೇರಿದವರಾಗಿದ್ದರೆ, ಅವರಿಗೆ ದ್ವೀಪವಾಸವೂ ಬಡ್ತಿಯೂ ದೊರೆಯುತ್ತಿದ್ದಿತೆ? ನ್ಯೂಜಿಲೆಂಡಿನ ಪ್ರಧಾನಿ ಲಾಂಗಿ ಅದನ್ನು ಪ್ರಭುತ್ವದ ಬೆಂಬಲದ ಭಯೋತ್ಪಾದನೆಯೆಂದೇ ಕರೆದರು. ಸಣ್ಣ ದೇಶದ ಮಾತು, ಬೆಣ್ಣೆಯ ಡಬ್ಬಿಗಳ ಹಿಂದೆ ಮುಳುಗಿಹೋಯಿತು.

ನಿಕಾರಾಗುವದ ಬಂದರುಗಳಲ್ಲಿ ಅಮೆರಿಕ ಗುಪ್ತವಾಗಿ ಸಿಡಿಗುಂಡುಗಳನ್ನಿಟ್ಟುದು ಅಂತರರಾಷ್ಟ್ರೀಯ ಕಾನೂನಿನ ಉಲ್ಲಂಘನೆಯೆಂದು 1986ರ ಜೂನ್ 27ರಂದು ಹೇಗ್ ನ್ಯಾಯಾಲಯ ತೀರ್ಪಿತ್ತಿತು. ಆಗ ಅದರ ಅಧ್ಯಕ್ಷಪೀಠದಲ್ಲಿದ್ದವರು ನಮ್ಮವರೇ ಆದ ನ್ಯಾಯಮೂರ್ತಿ ನಾಗೇಂದ್ರ ಸಿಂಗ್. ಅಮೆರಿಕ ಆ ತೀರ್ಪನ್ನು ಮನ್ನಿಸಲಿಲ್ಲ, ಭದ್ರತಾ ಸಮಿತಿಯಲ್ಲಿ ತನ್ನ ವಿಶೇಷಾಧಿಕಾರದಿಂದ ತಡೆದುಹಾಕಿತು. ಇಷ್ಟು ಸಾಕು.

ಇದಕ್ಕೆಲ್ಲ ಎದುರಾಗಿ ಹೇಳತಕ್ಕ ವಾದವೊಂದಿದೆ. ಅದನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಾಗದು. ರಾಜಧರ್ಮ ಬೇರೆ, ಸಾಮಾನ್ಯರ ಧರ್ಮ ಬೇರೆ. ಕೋಟಿ ಜನರ ಪ್ರಾಣದ ಹೊಣೆ ಹೊತ್ತವನು ಸಂನ್ಯಾಸಿಯಂತೆ ನಡೆದುಕೊಳ್ಳಲಾಗದು ಎಂಬುದು ಆ ವಾದ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯ ಪ್ರತಿಯನ್ನು ಮೈಸೂರಿನಲ್ಲಿ ಗುರುತಿಸಿ 1909ರಲ್ಲಿ ಅಚ್ಚುಮಾಡಿಸಿದವರು ವಿದ್ವಾನ್ ಆರ್. ಶಾಮಶಾಸ್ತ್ರಿಗಳು. ಅದರಲ್ಲಿ ಬಹಿರಂಗ ಯುದ್ಧ, ಕೂಟಯುದ್ಧ, ಮೌನಯುದ್ಧ ಎಂಬ ಭೇದಗಳಿವೆ. ಗೂಢಚಾರರಲ್ಲಿ ಕತ್ತಿ ಹಿಡಿಯುವ ತೀಕ್ಷ್ಣರೂ ವಿಷವಿಕ್ಕುವ ರಸದರೂ ಇದ್ದಾರೆ. ಮಠದ ಬಂಧುಗಳಾದ ನಾವು ಮರೆಯಬಾರದ ಇನ್ನೊಂದು ಮಾತಿದೆ: ಜಡೆ ಬೆಳೆಸಿ ಅಥವಾ ತಲೆ ಬೋಳಿಸಿ ಶಿಷ್ಯರೊಡನೆ ಊರ ಹೊರಗೆ ಬಿಡಾರ ಹೂಡುವ ‘ತಾಪಸ’ನೂ ಆ ಪಟ್ಟಿಯಲ್ಲಿದ್ದಾನೆ. ಜನರು ವೇಷವನ್ನು ನಂಬುತ್ತಾರಾದುದರಿಂದ ವೇಷವೇ ರಾಜ್ಯಕ್ಕೆ ಉಪಕರಣವಾಯಿತು. ಹೀಗೆ ಬಳಸಿದ ಮೇಲೆ ನಿಜವಾದ ತಾಪಸನನ್ನು ನಂಬುವವರಾರು ಎಂಬ ಚಿಂತೆ ಕೌಟಿಲ್ಯನಿಗೆ ಇದ್ದಂತಿಲ್ಲ. ಆದರೂ ಅವನಲ್ಲಿ ಒಂದು ಪ್ರಾಮಾಣಿಕತೆ ಉಂಟು. ವಿಷವನ್ನು ಅವನು ವಿಷವೆಂದೇ ಕರೆದ, ಆರೋಗ್ಯ ಬದಲಾವಣೆ ಎನ್ನಲಿಲ್ಲ.

ಇದಕ್ಕಿಂತ ಕಠಿಣವಾದ ಪ್ರಶ್ನೆ 1942ರದು. ನಾತ್ಸಿ ಅಧಿಕಾರಿ ಹೈಡ್ರಿಕ್‌ನನ್ನು ಪ್ರಾಗ್ ನಗರದಲ್ಲಿ ಕೊಂದವರು ಬ್ರಿಟನ್ನಿನಲ್ಲಿ ತರಬೇತಿ ಪಡೆದು ಆಕಾಶದಿಂದ ಇಳಿದ ಇಬ್ಬರು ತರುಣರು. ಯೆಹೂದ್ಯರ ಸಾಮೂಹಿಕ ಸಂಹಾರವನ್ನು ಯೋಜಿಸಿದವರಲ್ಲಿ ಅವನು ಪ್ರಮುಖ. ಅವನನ್ನು ಕೊಂದುದು ತಪ್ಪೆಂದು ಹೇಳಲು ನನ್ನ ನಾಲಗೆ ಏಳದು. ಆದರೆ ಅದರ ಸೇಡಿಗಾಗಿ ಜರ್ಮನರು ಲಿಡಿಸೆ ಎಂಬ ಹಳ್ಳಿಯ ಗಂಡಸರನ್ನೆಲ್ಲ ಗುಂಡಿಕ್ಕಿ ಕೊಂದು, ಹೆಂಗಸರನ್ನು ಬಂದೀಶಿಬಿರಗಳಿಗೆ ಅಟ್ಟಿ, ಹಳ್ಳಿಯನ್ನೇ ನೆಲಸಮ ಮಾಡಿದರು. ಆ ಪಾಪ ಜರ್ಮನರದೇ. ಅಂತಹ ಸೇಡು ಬರುವುದೆಂದು ಲಂಡನ್ನಿನಲ್ಲಿ ಕುಳಿತು ಯೋಜಿಸಿದವರು ಅರಿಯದೆ ಇದ್ದರೆ? ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಇಷ್ಟುಮಾತ್ರ ಹೇಳಬಲ್ಲೆ: ಘೋಷಿತವಾದ ಯುದ್ಧ ನಡೆಯುತ್ತಿದ್ದಿತು, ಕೊಲೆಯಾದವನು ಸೈನಿಕ ಸಮವಸ್ತ್ರದಲ್ಲಿದ್ದ ಪೀಡಕ, ಕಳುಹಿಸಿದವರು ಯುದ್ಧವಾದ ಮೇಲೆ ಆ ತರುಣರನ್ನು ತಮ್ಮವರಲ್ಲವೆಂದು ಹೇಳಲಿಲ್ಲ, ಹೆಸರು ಹಿಡಿದು ಗೌರವಿಸಿದರು.

ಈ ಕೊನೆಯ ಮಾತು ನನಗೆ ಮುಖ್ಯವೆನಿಸುತ್ತದೆ. ನ್ಯಾಯವೆಂದು ನಂಬಿದ ಕೆಲಸವನ್ನು ಪ್ರಭುತ್ವವು ಹಗಲಿನಲ್ಲಿ ಮಾಡುತ್ತದೆ. ಗಲ್ಲಿಗೇರಿಸುವಾಗಲೂ ನ್ಯಾಯಾಧೀಶನ ಸಹಿಯಿರುತ್ತದೆ, ಯುದ್ಧಕ್ಕೆ ಹೋಗುವಾಗಲೂ ಸಂಸತ್ತಿನ ಮುಂದೆ ಯಾರೋ ಒಬ್ಬರು ಎದ್ದುನಿಂತು ಕಾರಣ ಹೇಳುತ್ತಾರೆ. ಕಾರಣ ತಪ್ಪಾಗಿರಬಹುದು, ಆದರೂ ಅದನ್ನು ತಪ್ಪೆಂದು ತೋರಿಸಲು ನಮಗೆ ಅವಕಾಶವುಂಟು. ಶತ್ರುವಿಗೆ ತಿಳಿಯದಿರಲೆಂದು ಕೆಲಸಕ್ಕೆ ಮುಂಚೆ ಗುಟ್ಟಾಗಿಡುವುದು ಬೇರೆ; ಕೆಲಸ ಮುಗಿದ ಮೇಲೆ ತನ್ನ ಪ್ರಜೆಗಳಿಗೂ ತಿಳಿಯದಿರಲೆಂದು ಸುಳ್ಳು ಹೇಳುವುದು ಬೇರೆ. ಮಾಡಿದವನು ನಾನಲ್ಲ ಎಂದು ಹೇಳಲು ಮೊದಲೇ ಏರ್ಪಾಡು ಮಾಡಿಕೊಂಡವನು, ಅದೇ ಕೆಲಸವನ್ನು ಪರರು ಮಾಡಿದರೆ ತಾನು ಏನೆಂದು ಕರೆಯುತ್ತಿದ್ದೆನೆಂಬುದನ್ನು ಚೆನ್ನಾಗಿ ಬಲ್ಲ. ಬಲ್ಲವನಾದುದರಿಂದಲೇ ಆ ಏರ್ಪಾಡು.

ಇಷ್ಟು ಹೊತ್ತು ಅಮೆರಿಕ, ಫ್ರಾನ್ಸ್ ಎಂದು ಧೈರ್ಯವಾಗಿ ಬರೆದು, ನಮ್ಮ ಅಂಗಳಕ್ಕೆ ಬಂದೊಡನೆ ಲೇಖನಿ ಒಣಗಿದರೆ, ಕೊಳ್ಳುವುದಕ್ಕೊಂದು ಸೇರು ಕೊಡುವುದಕ್ಕೊಂದು ಸೇರು ಇಟ್ಟುಕೊಂಡ ವ್ಯಾಪಾರಿಯೇ ನಾನೂ ಆಗುತ್ತೇನೆ. ನೆರೆಯ ಪಾಕಿಸ್ತಾನದ ವಿಷಯದಲ್ಲಿ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. 2008ರ ನವೆಂಬರಿನಲ್ಲಿ ಮುಂಬಯಿಯಲ್ಲಿ 166 ಮಂದಿಯನ್ನು ಕೊಂದವರಲ್ಲಿ ಜೀವಂತ ಸಿಕ್ಕವನನ್ನೂ ತನ್ನ ಪ್ರಜೆಯಲ್ಲವೆಂದು ಆ ಸರ್ಕಾರ ಕೆಲವು ವಾರಗಳ ಕಾಲ ವಾದಿಸಿತು. ಅದು ನಮಗೆ ಎಷ್ಟು ಹೇಸಿಗೆಯಾಗಿ ಕಂಡಿತೆಂಬುದು ನೆನಪಿರಲಿ. ಈಗ 1983ಕ್ಕೆ ಹೋಗೋಣ. ಶ್ರೀಲಂಕಾದಲ್ಲಿ ತಮಿಳರ ಮೇಲೆ ನಡೆದ ಭೀಕರ ಹಿಂಸೆಯ ಅನಂತರ ನಮ್ಮ ಗುಪ್ತಚರ ಸಂಸ್ಥೆ ಅಲ್ಲಿನ ತಮಿಳು ಉಗ್ರರ ಗುಂಪುಗಳಿಗೆ ನಮ್ಮ ನೆಲದಲ್ಲಿಯೇ ಶಸ್ತ್ರಾಭ್ಯಾಸ ಮಾಡಿಸಿತು. ಆ ಹೊತ್ತಿನಲ್ಲಿ ಅಂತಹ ಶಿಬಿರಗಳೇ ಇಲ್ಲವೆಂಬುದು ಸರ್ಕಾರದ ಮಾತಾಗಿದ್ದಿತು. ಜೈನ್ ಆಯೋಗದ ವರದಿಯಲ್ಲಿ ಇದರ ವಿವರಗಳು ಬಂದಿವೆ. ತಮಿಳರ ಸಂಕಟ ನಿಜವಾದುದು, ಕನಿಕರವೂ ನಿಜವಾದುದು, ಅದನ್ನು ಅಲ್ಲಗಳೆಯುವಂತಿಲ್ಲ. ನಾಲ್ಕು ವರ್ಷಗಳ ಮೇಲೆ ನಮ್ಮ ಸೈನ್ಯ ಅದೇ ದ್ವೀಪಕ್ಕೆ ಹೋಗಿ ಆ ಗುಂಪುಗಳಲ್ಲಿ ಪ್ರಬಲವಾದುದರೊಡನೆ ಕಾದಾಡಬೇಕಾಯಿತು. ಸುಮಾರು 1,200 ಯೋಧರು ಮರಳಲಿಲ್ಲ. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ ಗಾಂಧಿಯವರೂ, ಅವರ ಸುತ್ತಲಿದ್ದ ಹತ್ತಕ್ಕೂ ಹೆಚ್ಚು ಮಂದಿಯೂ ಸತ್ತರು. ಸಂಚಿನ ಮುಂದಾಳು ಶಿವರಾಸನ್ ಆಗಸ್ಟ್ ತಿಂಗಳಲ್ಲಿ ಸಂಗಡಿಗರೊಡನೆ ಹೆಣವಾಗಿ ಸಿಕ್ಕುದು ನಮ್ಮ ಬೆಂಗಳೂರಿನ ಅಂಚಿನ ಕೋಣನಕುಂಟೆಯಲ್ಲಿ. ಗುಟ್ಟಾಗಿ ಹಚ್ಚಿದ ಬೆಂಕಿ ಯಾವ ದಾರಿಯಲ್ಲಿ ಮರಳಿ ಬಂದಿತೆಂಬುದನ್ನು ಕನ್ನಡಿಗರು ತಮ್ಮ ಬೀದಿಯಲ್ಲಿಯೇ ಕಂಡರು.

ಈಚಿನದೊಂದು ಪ್ರಸಂಗ. 2023ರ ಜೂನ್ 18ರಂದು ಕೆನಡದ ಸರ್ರೆ ನಗರದ ಗುರುದ್ವಾರದ ಬಳಿ, ನಮ್ಮ ಸರ್ಕಾರ ಭಯೋತ್ಪಾದಕನೆಂದು ಘೋಷಿಸಿದ್ದ ನಿಜ್ಜರ್ ಎಂಬಾತನ ಕೊಲೆಯಾಯಿತು. ಇದರ ಹಿಂದೆ ಭಾರತದ ಕೈಯಿದೆಯೆಂದು ಸೆಪ್ಟೆಂಬರಿನಲ್ಲಿ ಕೆನಡದ ಪ್ರಧಾನಿ ತಮ್ಮ ಸಂಸತ್ತಿನಲ್ಲಿ ಆರೋಪಿಸಿದರು. ಭಾರತ ಸರ್ಕಾರ ಅದನ್ನು ಅಸಂಬದ್ಧವೆಂದು ನಿರಾಕರಿಸಿತು. ಸತ್ಯಾಸತ್ಯತೆಯನ್ನು ನಿರ್ಣಯಿಸುವುದು ನ್ಯಾಯಾಲಯಗಳ ಕೆಲಸ. ಆ ವಿಷಯದಲ್ಲಿ ನಾನು ಬಾಯಿಹಾಕುವುದಿಲ್ಲ. ಆದರೆ ಆ ದಿನಗಳಲ್ಲಿ ನಮ್ಮ ಊರಿನ ಕ್ಷೌರದಂಗಡಿಯಲ್ಲಿ ನಾನು ಕೇಳಿದ ಮಾತನ್ನು ಬರೆಯಬಹುದಷ್ಟೆ. ಒಬ್ಬ ಯಜಮಾನರು ಪತ್ರಿಕೆಯನ್ನು ಮಡಿಚುತ್ತ, “ನಮ್ಮೋರು ಇದನ್ನ ಮಾಡಿಲ್ಲ” ಎಂದರು. ಉಸಿರು ತೆಗೆದುಕೊಂಡು, “ಮಾಡಿದ್ರೂ ಒಳ್ಳೇ ಕೆಲಸಾನೇ ಮಾಡ್ಯಾರೆ” ಎಂದರು. ಅಂಗಡಿಯಲ್ಲಿದ್ದವರೆಲ್ಲ ತಲೆದೂಗಿದರು. ನಾನೂ ತಲೆದೂಗಿದೆ. ಕ್ಷೌರಿಕನ ಕತ್ತಿ ಕತ್ತಿನ ಮೇಲಿದ್ದುದರಿಂದ ಅಲ್ಲಾಡಬಾರದಾಗಿದ್ದಿತು, ಆದರೂ ತಲೆದೂಗಿದೆ. ಮನೆಗೆ ಬರುವಾಗ ದಾರಿಯಲ್ಲಿ ಆ ಎರಡು ವಾಕ್ಯಗಳನ್ನು ಜೊತೆಗಿಟ್ಟು ನೋಡಿದೆ. ಒಂದು ನಿಜವಾದರೆ ಇನ್ನೊಂದನ್ನು ಹೇಳುವ ಅಗತ್ಯವಿಲ್ಲ. ಎರಡನ್ನೂ ಹೇಳುತ್ತೇವೆಂದರೆ, ಕಡತಗಳಲ್ಲಿ ಮೇಲಿನವರಿಗೆ ಮಾತ್ರ ಬೇಕಾಗಿದ್ದ ‘ತಿಳಿಯದು’ ಎಂಬ ಅನುಕೂಲ ಈಗ ಕ್ಷೌರದಂಗಡಿಯವರೆಗೆ ಇಳಿದುಬಂದಿದೆಯೆಂದು ಅರ್ಥ. ಯಾರೂ ನನ್ನನ್ನು ಕೇಳಿರಲಿಲ್ಲ, ಯಾರೂ ಬಲವಂತ ಮಾಡಿರಲಿಲ್ಲ. ಶ್ರಾವಣದ ಸಭೆಯಲ್ಲಿ ಹುಡುಗನ ಪ್ರಶ್ನೆಗೆ ನಕ್ಕವರಲ್ಲಿ ನಾನೂ ಒಬ್ಬನಾಗಿದ್ದೆನೆಂಬುದು ಆಗ ನೆನಪಿಗೆ ಬಂದಿತು.

ಮರುವರ್ಷದ ಶ್ರಾವಣದಲ್ಲಿ ಅದೇ ಪ್ರವಚನಕಾರರು ಮತ್ತೆ ಬಂದಿದ್ದರು. ನಾನೂ ಹೋಗಿದ್ದೆ. ಹುಡುಗನ ಪ್ರಶ್ನೆ ಅವರನ್ನೂ ಬಿಟ್ಟಿರಲಿಲ್ಲವೆಂದು ತೋರುತ್ತದೆ. ಬೇರೊಂದು ಪ್ರಸಂಗ ಹೇಳುತ್ತಿದ್ದವರು ತಾವಾಗಿಯೇ ವಾರಣಾವತಕ್ಕೆ ಹಿಂದಿರುಗಿ, ನಿಷಾದಿ ಮಕ್ಕಳ ಕೈಹಿಡಿದು ಊಟಕ್ಕೆ ಬಂದುದನ್ನೂ ಕುಂತಿ ಬಡಿಸಿದುದನ್ನೂ ಬಹಳ ಹೊತ್ತು ಹೇಳಿದರು. ಸಭೆಯಲ್ಲಿ ಯಾರೂ ನಗಲಿಲ್ಲ. ಮುಂದೆ ಕುಳಿತಿದ್ದ ಹಿರಿಯರೊಬ್ಬರು ಮಾತ್ರ, ಮಂಗಳಾರತಿಗೆ ಹೊತ್ತಾಯಿತು, ಹೆಸರಿಲ್ಲದವರ ಕಥೆಯನ್ನು ಇಷ್ಟು ಬೆಳೆಸಬೇಕೆ ಎಂದು ಪಕ್ಕದವರೊಡನೆ ಗೊಣಗುತ್ತಿದ್ದರು.